ಕಟ್ಟೆಗೆ ಬಂದ ಕೊಡ

ಆ ಮಧ್ಯಾಹ್ನ ನಾನು ಅಲ್ಲಿರಲಿಲ್ಲ. ಇದನ್ನು ಮೊದಲೇ ಬರೆದುಬಿಡಬೇಕು. ಯಾಕೆಂದರೆ ನನ್ನ ನೆನಪಿನಲ್ಲಿ ನಾನು ಅಲ್ಲೇ ಇದ್ದೇನೆ.

ಲಕ್ಷ್ಮೇಶ್ವರದ ಮಾಮುವಿನ ಮನೆ. ಮಾಮು ಎಂದರೆ ನನ್ನ ತಾಯಿಯ ತಮ್ಮ. ಮನೆಯ ಮುಂದೆ ಕಲ್ಲಿನ ಕಟ್ಟೆ, ಕಟ್ಟೆಯ ಕೆಳಗೆ ಪೊಲೀಸ್ ಜೀಪು. ಮಾಮುವಿನ ಹೆಂಡತಿಯನ್ನು ನಾವು ಮುಮಾನಿ ಅನ್ನುತ್ತೇವೆ. ಅವಳು ತಲೆಯ ಮೇಲಿನ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ತಾಮ್ರದ ಕೊಡವನ್ನು ಸೊಂಟಕ್ಕೆ ಏರಿಸಿಕೊಂಡು, ಹೊಸ್ತಿಲು ದಾಟಿ ಹೊರಗೆ ಬರುತ್ತಾಳೆ. ಬಿಸಿಲು ಕೊಡಕ್ಕೆ ತಾಗಿ ನನ್ನ ಕಣ್ಣಿಗೆ ಹೊಡೆಯುತ್ತದೆ. ಇಷ್ಟು ಸ್ಪಷ್ಟ. ಆದರೆ ಆ ಹೊತ್ತಿನಲ್ಲಿ ನಾನು ಗದಗಿನ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಅಲ್ಲದೆ ಮಾಮುವಿನ ಮನೆ ಉತ್ತರಕ್ಕೆ ಮುಖ ಮಾಡಿದೆ. ಚಳಿಗಾಲದ ಆ ದಿನಗಳಲ್ಲಿ ಮಧ್ಯಾಹ್ನ ಕಟ್ಟೆಯ ಮೇಲೆ ಬಿಸಿಲೇ ಬೀಳುವುದಿಲ್ಲ. ಇದು ನನಗೆ ಹೊಳೆದದ್ದು ಎಷ್ಟೋ ವರ್ಷಗಳಾದ ಮೇಲೆ.

ಆ ಕೊಡ ಹೇಗೆ ಹೊರಗೆ ಬಂತು ಎನ್ನುವುದರ ಮೇಲೆ ಮಾಮುವಿಗೆ ಕಳ್ಳಮಾಲು ಇಟ್ಟುಕೊಂಡವನೆಂಬ ಹೆಸರು ಅಂಟುತ್ತದೋ ಇಲ್ಲವೋ ಎನ್ನುವುದು ನಿಂತಿದೆ ಎಂದು ಆಗ ನಾನು ನಂಬಿದ್ದೆ. ಪೊಲೀಸರು ಒಳಗೆ ಹೋಗಿ ತಂದರೇ? ಅವರು ಕೇಳಿದ್ದಕ್ಕೆ ಮುಮಾನಿ ಕೊಟ್ಟಳೇ? ಕೇಳದೆಯೇ ತಂದಿಟ್ಟಳೇ? ದಿನಚರಿಯಲ್ಲಿ ಆ ವಾರ ನಾನು ಬರೆದದ್ದನ್ನು ಈಗ ತೆರೆದರೆ ಅಲ್ಲಿ ಸಿಟ್ಟು ಮಾತ್ರ ಇದೆ, ಉತ್ತರ ಇಲ್ಲ. ಸಿಟ್ಟಿನಲ್ಲಿ ಬರೆದ ಅಕ್ಷರವನ್ನು ನಾನೇ ಓದಲಾರೆ.

ಧಾರವಾಡದಿಂದ ಒಡೆದು ನಮ್ಮದು ಹೊಸ ಜಿಲ್ಲೆಯಾಗಿ ಹೆಚ್ಚು ಕಾಲವಾಗಿರಲಿಲ್ಲ. ಗದಗ-ಬೆಟಗೇರಿಯಲ್ಲಿ ಬಾಡಿಗೆ ಕಟ್ಟಡಗಳ ಮೇಲೆಲ್ಲ ಹೊಸ ಬೋರ್ಡು. ಲಕ್ಷ್ಮೇಶ್ವರ ಆಗ ಶಿರಹಟ್ಟಿ ತಾಲೂಕಿನಲ್ಲಿತ್ತು. ನಾನು ಬೆಟಗೇರಿಯಲ್ಲಿ ಕೋಣೆ ಮಾಡಿಕೊಂಡಿದ್ದೆ. ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದು, ಪದವಿಯ ಹುಡುಗರಿಗೆಲ್ಲ ಕಡ್ಡಾಯವಾಗಿದ್ದ ಸಂವಿಧಾನದ ಪತ್ರಿಕೆಯನ್ನು ಕಲಿಸುತ್ತಿದ್ದೆ. ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುವಂತೆ ಆರೋಪಿಯನ್ನು ಒತ್ತಾಯಿಸುವ ಹಾಗಿಲ್ಲ. ಬಂಧಿಸಿದರೆ ಕಾರಣ ಹೇಳಬೇಕು, ವಕೀಲರನ್ನು ನೋಡಲು ಬಿಡಬೇಕು, ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಮನೆ ಶೋಧಿಸಬೇಕಾದರೆ ಅದೇ ಓಣಿಯ ಮರ್ಯಾದಸ್ಥರಿಬ್ಬರು ಎದುರಿಗಿರಬೇಕು, ಒಳಗಿನ ಹೆಂಗಸರಿಗೆ ಹೊರಗೆ ಸರಿಯಲು ಅವಕಾಶ ಕೊಡಬೇಕು, ತೆಗೆದುಕೊಂಡ ವಸ್ತುಗಳ ಯಾದಿಯ ಒಂದು ಪ್ರತಿಯನ್ನು ಮನೆಯವರಿಗೆ ಕೊಡಬೇಕು. ಶೋಧನೆಯ ಮಾತು ಸಂವಿಧಾನದಲ್ಲಿ ಬೇರೆಯಾಗಿ ಬರೆದಿಲ್ಲ, ದಂಡ ಪ್ರಕ್ರಿಯೆಯ ಕಾಯಿದೆಯಲ್ಲಿದೆ. ಆದರೂ ಅದನ್ನು ಕಲಿಸದೆ ನನ್ನ ಪಾಠ ಮುಗಿಯುತ್ತಿರಲಿಲ್ಲ. ಹಿಂದಿನ ಬೆಂಚಿನಿಂದ ಯಾರೋ ಕೇಳುತ್ತಿದ್ದರು:

"ಮೇಡಂ, ಇದು ಪರೀಕ್ಷಾಕ ಬರತೈತೇನ್ರಿ?"

"ಪರೀಕ್ಷೆಗಿಂತ ಮುಂಚೆ ಮನೆಗೆ ಬರಬಹುದು," ಅನ್ನುತ್ತಿದ್ದೆ. ಹುಡುಗರು ನಗುತ್ತಿದ್ದರು. ಆ ಮಾತು ನನಗೇ ಬಹಳ ಹಿಡಿಸಿತ್ತು.

ಮಾಮುವಿನ ವ್ಯಾಪಾರ ಹಳೆಯ ತಾಮ್ರ, ಹಿತ್ತಾಳೆ ತೆಗೆದುಕೊಂಡು ಸ್ಟೀಲು ಪಾತ್ರೆ ಕೊಡುವುದು. ಮೊಪೆಡ್ಡಿನ ಹಿಂದೆ ಎರಡು ಕಡೆ ಬುಟ್ಟಿ ಕಟ್ಟಿಕೊಂಡು ಯಳವತ್ತಿ, ಸೊರಟೂರ, ಹರ್ತಿ ಎಂದು ತಿರುಗುತ್ತಿದ್ದ, ಸಂತೆಯ ದಿನ ಮುಂಡರಗಿಗೂ ಹೋಗುತ್ತಿದ್ದ. ಹಿತ್ತಾಳೆಯನ್ನು ಹುಣಸೆಹಣ್ಣು ಹಾಕಿ ತಿಕ್ಕುವವರು ಮನೆಗಳಲ್ಲಿ ಕಡಿಮೆಯಾಗುತ್ತಿದ್ದ ಕಾಲ. ಸೊಸೆಯಂದಿರು ಖುಷಿಯಿಂದ ಕೊಡುತ್ತಿದ್ದರು, ಅತ್ತೆಯಂದಿರು ಬಾಗಿಲ ಮರೆಯಲ್ಲಿ ಗೊಣಗುತ್ತಿದ್ದರು. ಮಾಮು ಇಬ್ಬರನ್ನೂ ನಗಿಸಿ ಬರುತ್ತಿದ್ದ. ಹೀಗೆ ತಂದ ಹಳೆಯ ಪಾತ್ರೆಗಳು ಮಾರಾಟವಾಗುವ ತನಕ ಮನೆಯ ಪಡಸಾಲೆಯಲ್ಲಿ ರಾಶಿ ಬಿದ್ದಿರುತ್ತಿದ್ದವು.

ನಮ್ಮ ಕಡೆ ಪಾತ್ರೆಗೆ ಹೆಸರು ಕೊರೆಸುವ ರೂಢಿ ಇದೆ. ಹೊರಗಿನವರು ಅದನ್ನು ಇಟ್ಟುಕೊಂಡವರ ಹೆಸರು ಎಂದುಕೊಳ್ಳುತ್ತಾರೆ. ಮದುವೆಯಲ್ಲಿ ಆಹೇರಿ ಎಂದು ಕೊಟ್ಟ ಪಾತ್ರೆಯಾದರೆ ಅದರ ಮೇಲಿರುವುದು ಕೊಟ್ಟವರ ಹೆಸರು. ಹಾಗಾಗಿ ಯಾವ ಅಡುಗೆಮನೆಗೆ ಹೋದರೂ ಅಲ್ಲಿ ಇಡೀ ಊರು ಇರುತ್ತದೆ: ಸೋದರತ್ತೆ ಕೊಟ್ಟ ಪರಾತ, ಗಂಡನ ಗೆಳೆಯರು ಕೂಡಿ ಕೊಟ್ಟ ಬೋಗುಣಿ, ಯಾರೆಂದು ಈಗ ನೆನಪೇ ಇಲ್ಲದವರು ಕೊಟ್ಟ ತಂಬಿಗೆ. ಮುಮಾನಿಯ ತಾಮ್ರದ ಕೊಡದ ಮೇಲೂ ಹಾಗೇ ಸೊರಟೂರಿನ ಒಂದು ಒಕ್ಕಲು ಮನೆತನದ ಹೆಸರಿತ್ತು. ಮುಮಾನಿಯ ತಂದೆ ಆ ಮನೆಯ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಇವಳ ನಿಕಾಹಕ್ಕೆ ಆ ಮನೆಯ ಯಜಮಾನರು ಬಂದು, ತಮ್ಮ ಮನೆತನದ ಹೆಸರು ಕೊರೆಸಿದ ಹೊಸ ಕೊಡ ಕೊಟ್ಟು ಹೋಗಿದ್ದರು. ಅದು ಪಡಸಾಲೆಯ ರಾಶಿಯಲ್ಲಿರಲಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ, ಕುಡಿಯುವ ನೀರು ತುಂಬಿಕೊಂಡು ಕೂತಿತ್ತು.

ಬೇರೆ ತಾಲೂಕಿನ ಹಳ್ಳಿಯೊಂದರಲ್ಲಿ, ಮದುವೆಗೆಂದು ಕೂಡಿಸಿಟ್ಟ ಪಾತ್ರೆಗಳ ಕಳವಾಯಿತು. ಆ ಕಡೆಯ ಪೊಲೀಸರು ಹಳೆಯ ಪಾತ್ರೆಯ ವ್ಯಾಪಾರಿಗಳನ್ನೆಲ್ಲ ವಿಚಾರಿಸುತ್ತ ಬಂದರು. ವಿಚಾರಿಸುವುದು ತಪ್ಪಲ್ಲ. ಅವರು ಬಂದಾಗ ಮಾಮು ಹರ್ತಿಗೆ ಹೋಗಿದ್ದ. ಮುಂದಿನದನ್ನು ನಾನು ಕೇಳಿದ್ದು ಮೂವರಿಂದ: ಮುಮಾನಿಯಿಂದ, ಎದುರುಮನೆಯ ಹಿಟ್ಟಿನ ಗಿರಣಿಯ ಯಜಮಾನಿಯಿಂದ, ಕೊನೆಗೆ ಆ ಸಬ್ ಇನ್ಸ್‌ಪೆಕ್ಟರರಿಂದ. ವಿಚಿತ್ರವೆಂದರೆ ಮೂವರೂ ಹೆಚ್ಚುಕಡಿಮೆ ಒಂದೇ ಕಥೆ ಹೇಳಿದರು.

ಜೀಪು ನಿಂತಿತು. ಜೀಪಿನಲ್ಲೇ ಇಬ್ಬರು ಪಂಚರು, ಅಂದರೆ ಜಪ್ತಿಗೆ ಸಾಕ್ಷಿ ನಿಲ್ಲುವವರು, ಕೂತು ಬಂದಿದ್ದರು. ಓಣಿಯಲ್ಲಿ ಯಾರೂ ಅವರನ್ನು ಹಿಂದೆ ನೋಡಿರಲಿಲ್ಲ. ಸಬ್ ಇನ್ಸ್‌ಪೆಕ್ಟರು ಕಟ್ಟೆಯ ಕೆಳಗೆ ನಿಂತು, ಸಾಮಾನು ನೋಡಬೇಕಿತ್ತು ಎಂದರು. ಅಷ್ಟಕ್ಕೆ ಮುಮಾನಿ ಬಾಗಿಲಲ್ಲಿ ಅಡ್ಡ ನಿಂತಳು.

"ಸಾಹೇಬ್ರ, ಗಂಡಸರು ಮನಿಯಾಗ ಇಲ್ಲ. ನೀವು ಒಳಗ ಬರೂದು ಬ್ಯಾಡ. ಏನ್ ಬೇಕೋ ನಾನ ತಂದ ತೋರಸ್ತೀನಿ. ಅಲ್ಲೇ ನಿಂದರ್ರಿ."

ಆಮೇಲೆ ಒಂದೊಂದಾಗಿ ತಂದಳು. ಪಡಸಾಲೆಯ ರಾಶಿಯೆಲ್ಲ ಕಟ್ಟೆಗೆ ಬಂತು. ಒಬ್ಬ ಪೊಲೀಸಿನವ ಬಾಗಿ ಹೆಸರು ಓದುತ್ತ, ಈ ಮನೆಯವರ ಹೆಸರು ಇಲ್ಲದ್ದೆಲ್ಲ ಒಂದು ಕಡೆ ಇಡುತ್ತ ಹೋದ. ಈ ಮನೆಯವರ ಹೆಸರಿದ್ದದ್ದು ಒಂದೂ ಇರಲಿಲ್ಲ. ನಮ್ಮ ಮನೆಗೆ ಬಂದಿದ್ದರೂ ಇರುತ್ತಿರಲಿಲ್ಲ, ಅವನ ಮನೆಗೆ ಹೋಗಿದ್ದರೂ ಇರುತ್ತಿರಲಿಲ್ಲ. ತಾನು ಯಾರ ಹೆಸರಿನ ತಟ್ಟೆಯಲ್ಲಿ ಉಂಡು ಬಂದಿದ್ದೇನೆ ಎಂದು ಅವನು ಒಂದು ಗಳಿಗೆ ಯೋಚಿಸಿದ್ದರೆ ಸಾಕಿತ್ತು.

ಅಡುಗೆಮನೆಯಲ್ಲಿ ಇನ್ನೇನಾದರೂ ಇದೆಯೇ ಎಂದು ಅವರು ಕೇಳಿದರೇ? ಗಿರಣಿಯ ಯಜಮಾನಿ ಕೇಳಿದರು ಅನ್ನುತ್ತಾಳೆ. ಮುಮಾನಿ ಒಮ್ಮೆ ಹೌದು ಅನ್ನುತ್ತಾಳೆ, ಒಮ್ಮೆ ಇಲ್ಲ. ಕೇಳಿದರೋ ಬಿಟ್ಟರೋ, ಅವರು ಎಲ್ಲಿ ಅಡುಗೆಮನೆಯ ತನಕ ಬಂದುಬಿಡುತ್ತಾರೋ ಎಂಬ ದಿಗಿಲಿನಲ್ಲಿ ಅವಳು ನೀರು ಚೆಲ್ಲಿ, ಆ ಕೊಡವನ್ನೂ ಹೊತ್ತು ತಂದು ಕಟ್ಟೆಯ ಮೇಲಿಟ್ಟಳು. ಎಲ್ಲ ಮುಗಿಯಿತು, ಇನ್ನು ಒಳಗೆ ಬರಲು ಏನೂ ಇಲ್ಲ ಎಂದು ತೋರಿಸುವುದು ಅವಳ ಉದ್ದೇಶ. ಅವರು ಕೊಡವನ್ನೂ ಜೀಪಿಗೆ ಹಾಕಿಕೊಂಡು ಹೋದರು.

ಸುದ್ದಿ ಕೇಳಿ ನಾನು ಮರುದಿನವೇ ಲಕ್ಷ್ಮೇಶ್ವರದ ಬಸ್ಸು ಹಿಡಿದೆ. ಯಾದಿಯ ಪ್ರತಿ ಎಲ್ಲಿ ಎಂದು ಕೇಳಿದೆ. ಮುಮಾನಿಗೆ ನಾನು ಏನು ಕೇಳುತ್ತಿದ್ದೇನೆಂದೇ ತಿಳಿಯಲಿಲ್ಲ.

"ವಾರಂಟ್ ತೋರಿಸಿದರಾ?"

"ಅವರು ಒಳಗ ಬರಲಿಲ್ಲ ಬೇಟಾ," ಎಂದಳು, ಒಳ್ಳೆಯ ಸುದ್ದಿ ಹೇಳುವವಳ ಹಾಗೆ. "ಒಂದ್ ಹೆಜ್ಜಿ ಇಡಾಕ ಬಿಡಲಿಲ್ಲ ನಾ."

ಮನೆಯೊಳಗೆ ನಾವು ಉರ್ದು ಮಾತಾಡುತ್ತೇವೆ, ಕಟ್ಟೆಗೆ ಬಂದರೆ ಕನ್ನಡ. ಅವಳು ಆ ದಿನ ಒಳಗೆ ಕೂತೂ ಕನ್ನಡದಲ್ಲೇ ಹೇಳಿದಳು, ಕಟ್ಟೆಯ ಮೇಲಿನ ಸಂಗತಿ ಎಂಬಂತೆ. ಅಥವಾ ನಾನು ಹಾಗೆ ನೆನಪಿಟ್ಟುಕೊಂಡಿದ್ದೇನೆ.

ಮಾಮು ಮನೆಯಲ್ಲಿರಲಿಲ್ಲ. ಯಾರೂ ಕರೆಯದಿದ್ದರೂ ಬೆಳಿಗ್ಗೆಯೇ ಇಸ್ತ್ರಿ ಅಂಗಿ ಹಾಕಿಕೊಂಡು ಆ ಠಾಣೆಗೆ ಹೋಗಿದ್ದ. ಸಂಜೆ ಹಿಂದಿರುಗಿದವನನ್ನು ತರಾಟೆಗೆ ತೆಗೆದುಕೊಂಡೆ.

"ಕರೆಯದೆ ಯಾಕೆ ಹೋದೆ ಮಾಮು?"

"ಕರಸ್ಕೊಂಡ ಹೋದ್ರ ಚಂದ ಏನವಾ? ಜೀಪ್ ಮತ್ತ ಓಣ್ಯಾಗ ಬರಬೇಕೇನ? ನಾನ ಹೋದ್ರ ಮರ್ಯಾದಿ ಉಳೀತೈತಿ."

"ಏನು ಕೇಳಿದರು?"

"ಏನಿಲ್ಲ. ಬೆಂಚಿನ ಮ್ಯಾಲ ಕುಂಡ್ರಿಸಿದ್ರು. ಚಾ ತರಿಸಿದ್ರು. ನಾಳಿ ಮತ್ತ ಬಾ ಅಂದಾರ."

ಮರುದಿನ ಮತ್ತೆ ಹೋದ. ಅದರ ಮರುದಿನವೂ. ದಿನವಿಡೀ ಬೆಂಚಿನ ಮೇಲೆ, ಸಂಜೆ ಮನೆಗೆ. ವ್ಯಾಪಾರ ನಿಂತಿತು. ಇದು ಬಂಧನವಲ್ಲ, ಹಾಗಾಗಿ ಇಪ್ಪತ್ತನಾಲ್ಕು ಗಂಟೆಯ ಮಾತಿಲ್ಲ, ಕಾರಣ ಹೇಳುವ ಮಾತಿಲ್ಲ, ವಕೀಲರ ಮಾತಿಲ್ಲ. ನಾನು ತರಗತಿಯಲ್ಲಿ ಎಳೆಎಳೆಯಾಗಿ ಬಿಡಿಸಿ ಹೇಳುತ್ತಿದ್ದ ಒಂದೊಂದು ರಕ್ಷಣೆಯೂ ಬಂಧಿಸಿದ ಮೇಲೆ, ಶೋಧಿಸಿದ ಮೇಲೆ, ಒತ್ತಾಯಿಸಿದ ಮೇಲೆ ಕಣ್ಣು ತೆರೆಯುವಂಥದ್ದು. ನಮ್ಮವರು ಯಾರಿಗೂ ಒತ್ತಾಯಿಸುವ ತೊಂದರೆಯನ್ನೇ ಕೊಡುವುದಿಲ್ಲ.

ಒಂದು ದಿನ ರಜೆ ಹಾಕಿ ನಾನೂ ಜೊತೆಗೆ ಹೋದೆ. ಸಬ್ ಇನ್ಸ್‌ಪೆಕ್ಟರು ನನ್ನದೇ ವಯಸ್ಸಿನವರು, ನಾನು ಓದಿದ ವಿಶ್ವವಿದ್ಯಾಲಯದಲ್ಲೇ ಓದಿದವರು. ಕುರ್ಚಿ ಹಾಕಿಸಿದರು. ನಾನು ಬಸ್ಸಿನಲ್ಲಿ ಸಿದ್ಧಪಡಿಸಿಕೊಂಡು ಬಂದದ್ದನ್ನೆಲ್ಲ ಹೇಳಿದೆ: ಪಂಚರು ಓಣಿಯವರಲ್ಲ, ಯಾದಿ ಕೊಟ್ಟಿಲ್ಲ, ವಾರಂಟ್ ಇಲ್ಲ, ಬೇರೆ ಠಾಣೆಯ ಸರಹದ್ದು. ಅವರು ಪೂರ್ತಿ ಕೇಳಿದರು. ನಡುವೆ ಬಾಯಿ ಹಾಕಲಿಲ್ಲ.

"ಮೇಡಂ, ನೀವು ಹೇಳೂದು ಖರೆ ಐತಿ. ನಾನೂ ಓದೀನಿ. ಆದ್ರ ಅದೆಲ್ಲಾ ಹುಡುಕಿದ್ರ ಅಲ್ಲೇನ್ರಿ? ನಾವು ಹುಡುಕೇ ಇಲ್ಲ. ನಿಮ್ಮ ಮನಿಯವರ ತಂದ ಇಟ್ರು. ನಮ್ಮ ಬೂಟಿನ ಧೂಳ ಸೈತ ನಿಮ್ಮ ಹೊಸ್ತಲಾ ದಾಟಿಲ್ಲ. ಬೇಕಂದ್ರ ನಿಮ್ಮ ಮುಮಾನಿಯವರನ್ನ ಕೇಳ್ರಿ."

ಕೇಳುವ ಅಗತ್ಯವಿರಲಿಲ್ಲ. ಮುಮಾನಿ ಅದನ್ನೇ ಓಣಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದಳು.

"ಮಾಮುವನ್ನು ದಿನಾ ಕೂರಿಸಿಕೊಳ್ಳುತ್ತಿದ್ದೀರಿ."

"ನಾ ಕೂರಸೀನೇನು? ಅವರ ಬರ್ತಾರ, ಕುಂಡ್ರತಾರ. ಬ್ಯಾಡಂದ್ರ ಹೋಗಲಿ." ಬೆಂಚಿನ ಕಡೆ ತಿರುಗಿ ಕೂಗಿ ಕೇಳಿದರು, "ಏನ್ ಚಾಚಾ, ಹೊಕ್ಕೀರೇನ ಮನಿಗೆ?"

ಮಾಮು ಎದ್ದು ನಿಂತ. "ನೀವು ಹೋಗಂದ್ರ ಹೋಗ್ತೀನ್ರಿ ಸಾಹೇಬ್ರ. ಇರಂದ್ರ ಇರ್ತೀನಿ."

"ನೋಡಿದ್ರಲ್ಲ?" ಎಂದರು ಅವರು ನನಗೆ. ಅವರ ಮುಖದಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಬಸ್ಸಿನಲ್ಲಿ ಮಾಮುವಿಗೆ ಹೇಳಿದೆ: ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕಾಗಿಲ್ಲ, ನಿನ್ನನ್ನೇ ಸಿಕ್ಕಿಸುವ ಪ್ರಶ್ನೆಗೆ ಸುಮ್ಮನಿರುವ ಹಕ್ಕು ನಿನಗಿದೆ. ಅವನು ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದ, "ಮಾತಾಡಸಿದವರಿಗೆ ಸುಮ್ಮ ಕುಂತ್ರ ಸೊಕ್ಕು ಅಂತಾರವಾ. ಕಳ್ಳನ ಸುಮ್ಮ ಕುಂಡ್ರಾಂವ."

"ಯಾರ್ಯಾರಿಂದ ತಗೊಂಡಿ ಅಂತ ಕೇಳಿದರೆ ಏನು ಹೇಳುತ್ತೀ?"

"ಇದ್ದದ್ದ ಹೇಳ್ತೀನಿ. ಎಲ್ಲಾ ನೆನಪ ಇರತಾವೇನ? ಒಂದೆರಡ ಕಳುವಿನವೂ ಬಂದಿರಬೌದು, ನಾ ಹ್ಯಾಂಗ ಹೇಳ್ಲಿ, ಅಂದ್ನಿ."

"ಅಂದ್ನಿ? ಈಗಾಗಲೇ ಅಂದಿದ್ದೀಯಾ?"

"ಸಾಹೇಬ್ರು ಚಲೋ ಮನಷಾ. ಖುಷಿಯಿಂದ ಬರಕೊಂಡ್ರು."

ನಾನು ಸೀಟಿನ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಪೊಲೀಸರ ಮುಂದೆ ಆಡಿದ ತಪ್ಪೊಪ್ಪಿಗೆ ಸಾಕ್ಷ್ಯವಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಪ್ರಕರಣ ಕಟ್ಟುವವರಿಗೆ ದಾರಿ ತೋರಿಸಲು ಅಷ್ಟು ಸಾಕು ಎಂಬುದೂ ಗೊತ್ತಿತ್ತು.

ಮದುವೆಯ ಪಾತ್ರೆ ಕಳೆದುಕೊಂಡವರು ಠಾಣೆಗೆ ಬಂದು ರಾಶಿಯನ್ನೆಲ್ಲ ನೋಡಿದರು. ಇದರಲ್ಲಿ ನಮ್ಮದು ಒಂದೂ ಇಲ್ಲ ಎಂದರು. ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ರಾಶಿಯಲ್ಲಿ ಬೇರೆ ಪಾತ್ರೆಗಳ ಹೆಸರು ಸವೆದುಹೋಗಿತ್ತು, ಇಲ್ಲವೇ ಬರೀ ಅಡ್ಡಹೆಸರಿತ್ತು. ಮನೆತನ, ಊರು ಎರಡೂ ಪೂರ್ತಿ ಓದಲು ಬರುವಂತಿದ್ದದ್ದು ಮುಮಾನಿಯ ಕೊಡ ಒಂದೇ. ಬೇರೆ ಮನೆತನದ ಮಾಲು ಎಂದು ಪೊಲೀಸರು ಅದನ್ನು ಹಿಡಿದಿಟ್ಟುಕೊಂಡರು. ಅವಳು ಬೂದಿ ಹಾಕಿ ತಿಕ್ಕದೆ, ಹುಣಸೆಹಣ್ಣಿನಲ್ಲಿ ಮೆಲ್ಲಗೆ ತೊಳೆದು ಆ ಅಕ್ಷರಗಳನ್ನು ಕಾಪಾಡಿಕೊಂಡು ಬಂದಿದ್ದಳು. ಎಲ್ಲಿಂದ ಬಂದವೋ ಗೊತ್ತಿಲ್ಲದ ಪಾತ್ರೆಗಳೆಲ್ಲ ನಿರ್ದೋಷಿಗಳಾದವು. ಆ ಮನೆಯಲ್ಲಿ ನಿಜವಾಗಿ ಅವಳದ್ದಾಗಿದ್ದ ಒಂದು ವಸ್ತು ಕಳ್ಳಮಾಲು ಅನ್ನಿಸಿಕೊಂಡು ಉಳಿಯಿತು.

ಕೊಡ ಕೊಟ್ಟ ಯಜಮಾನರು ತೀರಿಕೊಂಡಿದ್ದರು. ಅವರ ಮಗ ಮುಂಡರಗಿಯಲ್ಲಿ ಕಾಳಿನ ವ್ಯಾಪಾರ ಮಾಡಿಕೊಂಡಿದ್ದಾರೆಂದು ಮಾಮು ಹೇಳಿದ. ಇದು ನಮ್ಮಪ್ಪ ಕೊಟ್ಟ ಉಡುಗೊರೆ ಎಂದು ಅವರು ಒಂದು ಮಾತು ಹೇಳಿದರೆ ಎಲ್ಲ ಮುಗಿಯುತ್ತದೆ. ನಾನು ಮುಂಡರಗಿಗೆ ಹೋದೆ. ಅಂಗಡಿಯಲ್ಲಿ ಕಡಲೆಯ ಚೀಲಗಳ ನಡುವೆ ಕೂತಿದ್ದರು, ಅರವತ್ತರ ಹತ್ತಿರದ ದೊಡ್ಡ ದನಿಯ ಮನುಷ್ಯ. ಮುಮಾನಿಯ ತಂದೆಯ ಹೆಸರೆತ್ತಿದ ಕೂಡಲೇ ತಕ್ಕಡಿ ಕೆಳಗಿಟ್ಟರು.

"ಕಲಾಯಿ ಕಾಕಾನ ಮಗಳೇನು? ಸೊರಟೂರಾಗ ನಮ್ಮ ಅಂಗಳದಾಗ ಆಡಿ ಬೆಳದಾಕಿ! ಆ ಕೊಡ ತರಾಕ ಅಪ್ಪನ ಕೂಡ ಗದಗಿಗೆ ನಾನೂ ಹೋಗಿದ್ನಿ. ಅದನ್ನ ಪೊಲೀಸರು ಒಯ್ದಾರ? ಯಾಕಂತ?"

ನಾನು ಹೇಳಿದೆ. ಅವರು ಮಧ್ಯದಲ್ಲೇ ಕೈ ಎತ್ತಿದರು.

"ಇಷ್ಟಕ್ಕ ನೀ ಬಸ್ಸ ಹತ್ತಿ ಬಂದ್ಯಾ? ಅದರ ಮ್ಯಾಲ ನಮ್ಮ ಹೆಸರ ಐತಿಲ್ಲ? ನಾ ಹೋಗಿ ನಮ್ಮದು ಅಂದ್ರ ಆತು, ಕೊಡ್ತಾರ. ತಂದು ತಂಗಿಗೆ ಕೊಟ್ಟ ಬರ್ತೀನಿ."

"ಬೇಡ. ನೀವು ನಮ್ಮದು ಅಂದರೆ ನಮ್ಮ ಮಾಮು ಕಳ್ಳಮಾಲು ಇಟ್ಟುಕೊಂಡ ಹಾಗಾಗುತ್ತದೆ. ನಮ್ಮಪ್ಪ ಕೊಟ್ಟದ್ದು, ಅವರದ್ದು ಅನ್ನಬೇಕು."

"ಅದ ಅಲ್ಲೇನವಾ? ನಮ್ಮದು, ಅವರಿಗೆ ಕೊಟ್ಟದ್ದು. ಒಂದ ಮಾತು."

"ಒಂದೇ ಮಾತಲ್ಲ."

"ನೀ ಭಾಳ ಓದೀ," ಎಂದು ನಕ್ಕರು. ಚಹಾ ತರಿಸಿದರು, ಒಂದು ಚೀಲ ಕಡಲೆ ಕಟ್ಟಿಕೊಟ್ಟರು. ವಕೀಲರನ್ನು ಗೊತ್ತುಮಾಡಿ ಹೇಳುತ್ತೇನೆ, ಅಲ್ಲಿಯವರೆಗೆ ಠಾಣೆಗೆ ಹೋಗಬೇಡಿ ಎಂದು ಮತ್ತೆ ಮತ್ತೆ ಹೇಳಿ ಬಂದೆ. ಅವರು ತಲೆಯಾಡಿಸಿದರು. ಆ ತಲೆಯಾಟವನ್ನು ಒಪ್ಪಿಗೆ ಎಂದು ನಾನು ಓದಿಕೊಂಡೆ.

ಮುಂದಿನ ವಾರ ಲಕ್ಷ್ಮೇಶ್ವರಕ್ಕೆ ಹೋದಾಗ ಕೊಡ ಅಡುಗೆಮನೆಯ ಕಟ್ಟೆಯ ಮೇಲೆ ನೀರು ತುಂಬಿಕೊಂಡು ಕೂತಿತ್ತು. ಮುಮಾನಿಯ ಮುಖ ಅರಳಿತ್ತು. ಮುಂಡರಗಿಯ ಅಣ್ಣ ತಾನೇ ಠಾಣೆಗೆ ಹೋಗಿ, ನಮ್ಮದು ಎಂದು ಹೇಳಿ, ಅವರು ಬರೆದುಕೊಂಡದ್ದಕ್ಕೆ ಹೂಂ ಎಂದು, ಕೋರ್ಟಿನ ಕಾಗದಕ್ಕೆ ಸಹಿ ಹಾಕಿ ಬಿಡಿಸಿಕೊಂಡು ಬಂದಿದ್ದರು. ಕುಂಕುಮ ಬಣ್ಣದ ರವಿಕೆ ಬಟ್ಟೆಯೊಂದನ್ನು ಕೊಡದ ಬಾಯಿಗೆ ಸುತ್ತಿ ತಂದಿಟ್ಟು, ಊಟ ಮಾಡಿ ಹೋಗಿದ್ದರು.

"ನಿನ್ನ ಕಾನೂನಿನಕಿಂತ ಜಲ್ದಿ ಆತು ನೋಡು," ಎಂದ ಮಾಮು.

ನಾನು ಆ ದಿನ ಮುಮಾನಿಯ ಕೈಯ ನೀರು ಕುಡಿಯಲಿಲ್ಲ. ಅದು ಅವಳಿಗೆ ತಿಳಿಯಿತೋ ಇಲ್ಲವೋ. ತಿಳಿಯಿತೆಂದೇ ದಿನಚರಿಯಲ್ಲಿದೆ, ಆದರೆ ದಿನಚರಿ ಬರೆದವಳಿಗೆ ಎಲ್ಲರ ಮೇಲೂ ಕೋಪವಿತ್ತು.

ಆಮೇಲೆ ಕೋರ್ಟಿನಿಂದ ಸಮನ್ಸು ಬಂತು. ಪೊಲೀಸರು ಬರೆದದ್ದು ಇಷ್ಟು: ಪಾತ್ರೆಯ ಮಾಲೀಕರು ಗುರುತಿಸಿ ಪಡೆದಿದ್ದಾರೆ, ಆರೋಪಿ ತಾನಾಗಿ ಹಾಜರಾಗಿದ್ದಾನೆ, ಮನೆಯವರು ತಾವಾಗಿ ಪಾತ್ರೆ ಹಾಜರುಪಡಿಸಿದ್ದಾರೆ. ಈ ಮೂರರಲ್ಲಿ ಒಂದನ್ನೂ ಸುಳ್ಳು ಎಂದು ಹೇಳುವ ಹಾಗಿರಲಿಲ್ಲ. ಮಾಮು ಈಗ ಕಳ್ಳಮಾಲು ಇಟ್ಟುಕೊಂಡ ಆರೋಪಿ. ವ್ಯಾಪಾರಕ್ಕೆ ಹೋದಲ್ಲಿ ಯಾರೂ ಏನೂ ಅನ್ನಲಿಲ್ಲವಂತೆ. ಬರೀ, ಈಗ ಬ್ಯಾಡ ಚಾಚಾ, ಮುಂದ ನೋಡೂಣು, ಅನ್ನುತ್ತಿದ್ದರಂತೆ. ಅದನ್ನು ಹೇಳುವಾಗ ಅವನಿಗೆ ಮೊದಲ ಸಲ ನಗು ಬರಲಿಲ್ಲ. ಮೊಪೆಡ್ಡಿನ ಬುಟ್ಟಿಗಳನ್ನು ಬಿಚ್ಚಿ ಗೋಡೆಗೆ ಒರಗಿಸಿದ.

ಕೋರ್ಟಿನಲ್ಲಿ ತಾರೀಖಿನ ಮೇಲೆ ತಾರೀಖು. ಗದಗಿನಿಂದ ಬರುತ್ತಿದ್ದ ನಮ್ಮ ವಕೀಲರಿಗೆ ನಾನು ಪಂಚರ ವಿಷಯ, ಹೊಸ್ತಿಲಿನ ವಿಷಯ ಬರೆದು ಕೊಟ್ಟಿದ್ದೆ. ಮನೆಯಲ್ಲಿ ಗಂಡಸರಿಲ್ಲದಾಗ ಬಾಗಿಲಲ್ಲಿ ಜೀಪು ನಿಲ್ಲಿಸಿ ಸಾಮಾನು ನೋಡಬೇಕು ಎಂದರೆ, ಹೆದರಿ ತಂದಿಟ್ಟದ್ದು ತಾನಾಗಿ ತಂದಿಟ್ಟ ಹಾಗೆ ಹೇಗಾಗುತ್ತದೆ? ಈ ಪ್ರಶ್ನೆಯನ್ನು ಯಾರಾದರೂ ಜೋರಾಗಿ ಕೇಳಬೇಕು, ನ್ಯಾಯಾಧೀಶರು ಉತ್ತರಿಸಬೇಕು ಎಂಬುದು ನನ್ನ ಹಟ. ವಕೀಲರು ಓದಿ, ಚಲೋ ಪಾಯಿಂಟ್ ಐತಿ ಮೇಡಂ, ಎಂದು ಮಡಚಿ ಕಿಸೆಯಲ್ಲಿಟ್ಟುಕೊಂಡರು.

ಆ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಮುಂಡರಗಿಯವರನ್ನು ಸರಕಾರದ ಕಡೆಯ ಸಾಕ್ಷಿಯಾಗಿ ಕರೆದರು. ಅವತ್ತು ನಾನು ಅಲ್ಲಿದ್ದೆ, ಹಿಂದಿನ ಬೆಂಚಿನಲ್ಲಿ.

"ಈ ಕೊಡ ನಿಮ್ಮದೇ?" ಸರಕಾರಿ ವಕೀಲರು ಕೇಳಿದರು.

"ಹೌದ್ರಿ. ನಮ್ಮದ."

ನಾನು ಕಣ್ಣು ಮುಚ್ಚಿಕೊಂಡೆ.

"ಯಾವಾಗ ಕಳುವಾಯಿತು?"

"ಕಳುವು? ಯಾರಂದ್ರು? ನಮ್ಮಪ್ಪ ಆ ತಂಗಿ ಮದುವಿಗೆ ಕೊಟ್ಟದ್ರಿ ಅದು."

"ಮತ್ತೆ ಠಾಣೆಯಲ್ಲಿ ನಮ್ಮದು ಎಂದಿರಿ. ಈಗಲೂ ನಮ್ಮದು ಅನ್ನುತ್ತೀರಿ."

"ಕೊಟ್ಟ ಮ್ಯಾಲ ನಮ್ಮದಲ್ಲ ಅಂತಾಗತೈತೇನ್ರಿ? ಮಗಳನ್ನ ಕೊಟ್ಟೀನಿ ಹಾವೇರಿಗೆ. ಈಗೇನ ನನ್ನ ಮಗಳಲ್ಲೇನು? ಅಳಿಯಾನ್ನ ಹಿಡ್ಕೊಂಡ ಬರ್ರಿ ಹಂಗಾರ!"

ಕೋರ್ಟು ನಕ್ಕಿತು. ನ್ಯಾಯಾಧೀಶರೂ ಕನ್ನಡಕ ತೆಗೆದು ಒರೆಸಿಕೊಂಡರು. ಸಾಕ್ಷಿ ತಿರುಗಿ ಬಿದ್ದರೆಂದು ಬರೆದುಕೊಂಡರು, ಇನ್ನೆರಡು ತಾರೀಖಿನ ನಂತರ ಮಾಮುವನ್ನು ಬಿಟ್ಟರು. ಆದೇಶದಲ್ಲಿ ಜೀಪಿನಲ್ಲಿ ಬಂದ ಪಂಚರ ಬಗ್ಗೆ ಒಂದು ಮಾತಿಲ್ಲ. ಬೆಂಚಿನ ಮೇಲೆ ಕಳೆದ ದಿನಗಳ ಬಗ್ಗೆ ಇಲ್ಲ. ಹೊಸ್ತಿಲಿನ ಬಗ್ಗೆ ಇಲ್ಲ. ಮುಂಡರಗಿಯವರು ಒಳ್ಳೆಯವರಾಗಿದ್ದರಿಂದ ಮಾಮು ಬಿಡುಗಡೆಯಾದ, ಅಷ್ಟೇ. ಅವರು ತೀರಿಕೊಂಡಿದ್ದರೆ? ಜಗಳವಿದ್ದಿದ್ದರೆ? ಕಾಯಿದೆ ಇರುವುದು ಒಳ್ಳೆಯವರು ಸಿಗದವರಿಗಾಗಿ ಅಲ್ಲವೇ? ಕೋರ್ಟಿನ ಹೊರಗೆ ಮಾಮು, ಮುಂಡರಗಿಯವರು, ವಕೀಲರು ಒಬ್ಬರ ಬೆನ್ನಿಗೊಬ್ಬರು ಹೊಡೆದುಕೊಂಡು ನಗುತ್ತಿದ್ದರು. ಆ ಸಬ್ ಇನ್ಸ್‌ಪೆಕ್ಟರು ವರ್ಗವಾಗಿ ಎಲ್ಲಿಗೋ ಹೋಗಿಯಾಗಿತ್ತು. ನನ್ನ ಕೋಪಕ್ಕೆ ನಿಲ್ಲಲು ಜಾಗವಿರಲಿಲ್ಲ.

"ಮಾರಿ ಯಾಕ ಹಂಗ ಮಾಡೀಯವಾ?" ಮುಂಡರಗಿಯವರು ಕೇಳಿದರು. "ಗೆದ್ದೀವಿಲ್ಲ?"

ಮಾಮು ಮತ್ತೆ ಬುಟ್ಟಿ ಕಟ್ಟಿದ. ಕೆಲವು ಊರುಗಳಲ್ಲಿ ಮೊದಲಿನಂತಾಯಿತು, ಕೆಲವು ಊರುಗಳಲ್ಲಿ ಆಗಲಿಲ್ಲ. ಯಾವ ಊರುಗಳೆಂದು ಅವನು ಹೇಳಲಿಲ್ಲ, ದಾರಿ ಬದಲಿಸಿಕೊಂಡ.

ಮರುವರ್ಷದ ಬೇಸಿಗೆ ರಜೆ. ನಾನು ಮಾಮುವಿನ ಪಡಸಾಲೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದೆ. ಹೊರಗೆ ಸೈಕಲ್ಲು ನಿಂತ ಸದ್ದಾಯಿತು. ಖಾಕಿ ಅಂಗಿ. ಓಣಿಯ ಕೊನೆಯ ಮನೆಗೆ ಕೋರ್ಟಿನ ಕಾಗದ ಮುಟ್ಟಿಸಲು ಬಂದ ಲಕ್ಷ್ಮೇಶ್ವರದ ಪೊಲೀಸಿನವ, ವಿಳಾಸ ಕೇಳಲು ಕಟ್ಟೆಯ ಕೆಳಗೆ ನಿಂತಿದ್ದ. ಮುಮಾನಿ ಬಾಗಿಲಿಗೆ ಹೋದಳು, ಹಿಂದಿರುಗಿ ಅಡುಗೆಮನೆಗೆ ಹೋದಳು. ನಾನು ತಲೆ ಎತ್ತುವಷ್ಟರಲ್ಲಿ ಆ ಕೊಡ ಅವಳ ಸೊಂಟದ ಮೇಲಿತ್ತು. ಸೆರಗು ಹಲ್ಲಿನಲ್ಲಿತ್ತು.

"ಮುಮಾನಿ! ಅದನ್ನು ಒಳಗಿಡು! ಹೊರಗೆ ಒಯ್ಯಬೇಡ!"

ನನ್ನ ದನಿ ಎಷ್ಟು ಜೋರಾಗಿತ್ತೆಂದರೆ ಹೊರಗೆ ನಿಂತವನು ಸೈಕಲ್ಲನ್ನು ಗಟ್ಟಿಯಾಗಿ ಹಿಡಿದುಕೊಂಡ. ಮುಮಾನಿ ಹೊಸ್ತಿಲ ಮೇಲೆ ನಿಂತು ನನ್ನನ್ನು ನೋಡಿದಳು. ಸೆರಗನ್ನು ಹಲ್ಲಿನಿಂದ ಬಿಟ್ಟಳು.

"ಬಿಸಲಾಗ ಬಂದಾನ. ನೀರ ಕುಡಸಾಕೂ ನಿನ್ನ ಸಂವಿಧಾನ ಕೇಳಬೇಕೇನ?"

"ತಂಬಿಗೆಯಲ್ಲಿ ಕೊಡು."

"ತಂಬಿಗಿ ನೀರ ಸಾಲದ ಮತ್ತ ಬೇಕಂದ್ರ? ಒಳಗ ಬರ್ತಾನ."

ಹೊರಗೆ ಹೋಗಿ ಕಟ್ಟೆಯ ಅಂಚಿನಲ್ಲಿ ಕೂತು ಕೊಡ ಬಗ್ಗಿಸಿದಳು. ಅವನು ಕೆಳಗೆ ನಿಂತು ಬೊಗಸೆಯೊಡ್ಡಿ ಕುಡಿದ. ಮತ್ತೆ ಒಡ್ಡಿದ. ಮುಖ ಒರೆಸಿಕೊಳ್ಳುತ್ತ ಕೊಡದ ಮೇಲಿನ ಅಕ್ಷರಗಳನ್ನು ನೋಡಿದ, ಅಥವಾ ನನಗೆ ಹಾಗೆ ಕಂಡಿತು. ಏನೂ ಕೇಳಲಿಲ್ಲ. ಸೈಕಲ್ಲು ಹತ್ತಿ ಹೋದ. ಒಂದು ಹೆಜ್ಜೆಯೂ ಮೇಲೆ ಇಟ್ಟಿರಲಿಲ್ಲ.

ಸಂಜೆ ದಿನಚರಿ ತೆರೆದು, ನಡೆದದ್ದನ್ನು ನಡೆದಂತೆ ಬರೆಯಲು ಕೂತೆ. ಈ ಸಲ ನಾನು ಅಲ್ಲೇ ಇದ್ದೆ, ಕಣ್ಣಾರೆ ನೋಡಿದ್ದೆ. ಆದರೆ ಅವನು ನೀರು ಕೇಳಿದನೋ, ಇಲ್ಲ ಕೇಳುವ ಮೊದಲೇ ಅವಳು ಕೊಡ ತರಲು ಒಳಗೆ ತಿರುಗಿದಳೋ, ಎಷ್ಟು ನೆನೆದರೂ ನನಗೆ ಹೇಳಲಾಗಲಿಲ್ಲ. ಆ ಜಾಗವನ್ನು ಖಾಲಿ ಬಿಟ್ಟು ಮುಂದಕ್ಕೆ ಬರೆದೆ.